ಕತ್ತರಿಗೆ ಸಿಕ್ಕ ತಾರೀಕು

ಗಂಟಲು ನೋವು ಅಂತ ನಿನ್ನೆ ಬೀದಿ ತುದಿಯ ಮೆಡಿಕಲ್ ಶಾಪ್‌ಗೆ ಹೋದೆ. ಕೇಳಿದ್ದು ಬರೀ ಪ್ಯಾರಾಸಿಟಮಾಲ್. "ಇದನ್ನೂ ತಗೊಳ್ಳಿ, ಬೇಗ ವಾಸಿಯಾಗುತ್ತೆ" ಅಂತ ಅಂಗಡಿಯವ ಸೆಫಿಕ್ಸಿಮ್ ಅನ್ನೋ ಆಂಟಿಬಯಾಟಿಕ್ ಸ್ಟ್ರಿಪ್‌ನಿಂದ ನಾಲ್ಕು ಮಾತ್ರೆ ಕಚಕ್ ಅಂತ ಕತ್ತರಿಸಿದ. ಚೀಟಿ ಕೇಳಲೇ ಇಲ್ಲ. ಎಕ್ಸ್‌ಪೈರಿ ತಾರೀಕು ಅವನ ಡಬ್ಬದಲ್ಲೇ ಉಳಿಯಿತು. ನನ್ನ ತುಂಡಿಗೆ ಬಂದದ್ದು ಕೆಂಪು ಚೌಕಟ್ಟಿನ ಅರ್ಧ ಎಚ್ಚರಿಕೆ.

ಅದು ಶೆಡ್ಯೂಲ್ ಎಚ್1, ಅಂದರೆ ಡಾಕ್ಟರ ಚೀಟಿ ಇಲ್ಲದೆ ಮಾರಬಾರದ ಔಷಧಿ ಸ್ವಾಮಿ! ಚೀಟಿ ಬರೆದ ಡಾಕ್ಟರ ಹೆಸರು, ರೋಗಿಯ ಹೆಸರು, ಕೊಟ್ಟದ್ದು ಎಷ್ಟು, ಎಲ್ಲವನ್ನೂ ಬೇರೆ ರಿಜಿಸ್ಟರ್‌ನಲ್ಲಿ ಬರೆದು 3 ವರ್ಷ ಇಡಬೇಕು. 2014ರಿಂದ ಇರುವ ನಿಯಮ. ರಿಜಿಸ್ಟರ್ ಎಲ್ಲಿ ಅಂದರೆ, "ನಾಲ್ಕು ಮಾತ್ರೆಗೆ ಅಷ್ಟೆಲ್ಲಾ ಯಾಕೆ ಸಾರ್?" ಹಿಂದೆ ನಿಂತವರು ಬೇರೆ, "ಬೇಗ ತಗೊಳ್ರೀ" ಅಂತ ಗೊಣಗಾಟ.

ಸುಮ್ನೆ ಪ್ಯಾರಾಸಿಟಮಾಲ್ ಮಾತ್ರ ತಗೊಂಡು ಬಂದೆ. ಮನೆಯಲ್ಲಿ ನೋಡಿದರೆ ಅದರಲ್ಲೂ ತಾರೀಕಿಲ್ಲ.