ಬಾರ್ಬಡೋಸ್‌ಗೆ ಗುಂಪು ಕಟ್ಟುವ ಮೊದಲು ಈಜು ಬಾರದವರನ್ನು ಕೇಳಿ

ನವೆಂಬರ್ ಬಂದು ಚಳಿ ಶುರುವಾಯಿತು ಅಂದರೆ ನ್ಯೂಜೆರ್ಸಿ, ಬಾಸ್ಟನ್, ಷಿಕಾಗೋ ಕಡೆಯ ನಮ್ಮ ಕನ್ನಡದವರ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಮಾತು. "ಈ ಸಲ ಎಲ್ಲರೂ ಸೇರಿ ಕೆರಿಬಿಯನ್ ಕಡೆ ಹೋಗೋಣ್ವಾ?" ಸ್ವಲ್ಪ ಹೊತ್ತಿಗೇ ರೆಸಾರ್ಟ್ ಲಿಂಕ್‌ಗಳು ಬಂದು ಬೀಳುತ್ತವೆ. ಎಷ್ಟು ಸ್ಟಾರ್, ಎಷ್ಟು ಈಜುಕೊಳ, ಬಫೆಯಲ್ಲಿ ಏನೇನಿದೆ. ನಾವು ಒಂದಷ್ಟು ಮನೆಯವರು ಸೇರಿ ಬಾರ್ಬಡೋಸ್‌ಗೆ ಹೋಗಿ ಬಂದ ಮೇಲೆ ನನಗೂ ಬಹಳ ಜನ ಮೆಸೇಜ್ ಮಾಡಿದ್ದಾರೆ. ಎಲ್ಲರದ್ದೂ ಅದೇ ಪ್ರಶ್ನೆ, ಯಾವ ರೆಸಾರ್ಟ್? ಬೇರೆ ಬೇರೆ ಉತ್ತರ ಬರೆಯುವ ಬದಲು ಇಲ್ಲೇ ಬರೆಯುತ್ತಿದ್ದೇನೆ.

ಉಳಿಯುವ ಜಾಗವನ್ನು ಕೊನೆಗೆ ನೋಡಿ. ಗುಂಪಿನಲ್ಲಿ ಯಾರಿಗೆ ಜಾಸ್ತಿ ಕಷ್ಟ ಅನ್ನುವುದನ್ನು ಮೊದಲು ಕೇಳಿ. ವೀಸಾ ಸ್ಟಾಂಪಿನ ಅವಧಿ ಮುಗಿದಿರುವುದು ಯಾರದ್ದು? ಮಂಡಿ ನೋವಿನ ಅಮ್ಮ ಯಾರ ಮನೆಯಲ್ಲಿದ್ದಾರೆ? ಈಜು ಬಾರದವರು ಯಾರು? ಮೀನು, ಮಾಂಸ ಮುಟ್ಟದವರು? ಒಬ್ಬರ ಸಂಬಳದಲ್ಲಿ ಮನೆ ನಡೆಸುತ್ತಿರುವವರು? ಇವರಿಗೆ ಒಗ್ಗುವ ದ್ವೀಪ, ಕಡಲು, ಖರ್ಚು ಹುಡುಕಿದರೆ ಉಳಿದವರೆಲ್ಲ ಅದರೊಳಗೆ ಆರಾಮಾಗಿ ಹೊಂದಿಕೊಳ್ಳುತ್ತಾರೆ. ತಿರುಗಿಸಿ ಮಾಡಿದರೆ ಏನಾಗುತ್ತದೆ ಅಂತ ಎಷ್ಟೋ ಗುಂಪುಗಳಲ್ಲಿ ನೋಡಿದ್ದೇನೆ. ಕಷ್ಟ ಇರುವವರು ಸುಮ್ಮನೆ ಹಿಂದೆ ಸರಿಯುತ್ತಾರೆ. "ಈ ಸಲ ಆಫೀಸಲ್ಲಿ ಕೆಲಸ ಜಾಸ್ತಿ, ನೀವು ಹೋಗಿ ಬನ್ನಿ" ಅನ್ನುತ್ತಾರೆ. ನಿಜವಾದ ಕಾರಣ ಬಾಯಿಬಿಟ್ಟು ಹೇಳುವುದಿಲ್ಲ.

ಪಾಸ್‌ಪೋರ್ಟ್ ವಿಷಯ ಮೊದಲು ಮುಗಿಸಿಬಿಡೋಣ. ಭಾರತದ ಪಾಸ್‌ಪೋರ್ಟ್ ಇರುವವರು ಬಾರ್ಬಡೋಸ್‌ಗೆ ಪ್ರವಾಸಕ್ಕೆ ಹೋಗಲು ವೀಸಾ ಬೇಕಿಲ್ಲ. ತೊಂದರೆ ಇರುವುದು ಅಮೆರಿಕಕ್ಕೆ ವಾಪಸ್ ಬರುವಾಗ. ಎಚ್‌ಒನ್‌ಬಿ ಅನ್ನುವ ಕೆಲಸದ ವೀಸಾದಲ್ಲಿ ಇರುವವರ ಪಾಸ್‌ಪೋರ್ಟಿನಲ್ಲಿರುವ ವೀಸಾ ಸ್ಟಾಂಪಿನ ಅವಧಿ ಮುಗಿದಿದ್ದರೆ, ಕೆನಡಾಕ್ಕೋ ಮೆಕ್ಸಿಕೋಗೋ ಹೋಗಿ 30 ದಿನದೊಳಗೆ ಹಳೇ ಸ್ಟಾಂಪಿನಲ್ಲೇ ಮರಳಲು ಒಂದು ನಿಯಮ ಇದೆ. ಅದಕ್ಕೂ ಷರತ್ತುಗಳಿವೆ. ಆದರೆ ಕೆರಿಬಿಯನ್ ದ್ವೀಪಗಳಿಗೆ ಎಚ್‌ಒನ್‌ಬಿಯವರಿಗೆ ಆ ಅನುಕೂಲ ಇಲ್ಲ. ಎಲ್ಲರ ಹತ್ತಿರ ಅಮೆರಿಕದ ಪಾಸ್‌ಪೋರ್ಟೋ ಗ್ರೀನ್ ಕಾರ್ಡೋ ಇರುವ ಗುಂಪಿನಲ್ಲಿ ಇದು ಯಾರ ತಲೆಗೂ ಬರುವುದಿಲ್ಲ. ಒಂದೇ ಒಂದು ಮನೆಯವರಿಗೆ ಈ ತೊಡಕಿದ್ದರೂ ಬಾರ್ಬಡೋಸ್ ಬಿಡಿ, ಪೋರ್ಟೊ ರಿಕೋಗೆ ಹೋಗಿ. ಅದು ಅಮೆರಿಕದ್ದೇ ಭಾಗ. ವಿಮಾನವೂ ದೇಶದೊಳಗಿನ ವಿಮಾನ. ವಾಪಸ್ ಬರುವಾಗ ಬ್ಯಾಗಿನಲ್ಲಿ ಹಣ್ಣು, ಗಿಡ ಏನಾದರೂ ಇದೆಯಾ ಅಂತ ಕೃಷಿ ಇಲಾಖೆಯವರು ಸ್ಕ್ಯಾನ್ ಮಾಡುತ್ತಾರೆ ಅಷ್ಟೆ. ಆದರೂ ವೀಸಾ ಕಾಗದಗಳು ಜೊತೆಯಲ್ಲಿರಲಿ. ಅಲ್ಲಿನ ಲುಕಿಯೋ ಬೀಚಿನಲ್ಲಿ ಹವಳದ ದಿಬ್ಬ ಅಲೆಗಳನ್ನು ತಡೆಯುವುದರಿಂದ ನೀರು ಶಾಂತವಾಗಿರುತ್ತದೆ, ಮಕ್ಕಳಿಗೂ ಚೆನ್ನ. ಬಾರ್ಬಡೋಸ್ ಎಲ್ಲಿಗೂ ಓಡಿಹೋಗುವುದಿಲ್ಲ.

ಇನ್ನು ಕಡಲು. ನಾನು ಎಲ್ಲಕ್ಕಿಂತ ಜಾಸ್ತಿ ಒತ್ತಿ ಹೇಳಬೇಕಾದ್ದು ಇದನ್ನೇ. ಬಾರ್ಬಡೋಸ್ ಸಣ್ಣ ದ್ವೀಪ. ಉದ್ದ ಸುಮಾರು 34 ಕಿಲೋಮೀಟರ್, ಅಗಲ 23. ಆದರೆ ಅದಕ್ಕೆ ಎರಡು ಕಡಲು. ಪಶ್ಚಿಮದಲ್ಲಿ ಕೆರಿಬಿಯನ್ ಸಮುದ್ರ, ಪೂರ್ವದಲ್ಲಿ ಅಟ್ಲಾಂಟಿಕ್ ಸಾಗರ. ಪಶ್ಚಿಮದ ಹೋಲ್‌ಟೌನ್, ಪೇನ್ಸ್ ಬೇ, ಮಲಿನ್ಸ್ ಕಡೆ ಹೆಚ್ಚಿನ ದಿನ ದೊಡ್ಡ ಅಲೆಯೇ ಇರುವುದಿಲ್ಲ. ಪೂರ್ವದ ಬಾತ್‌ಶೀಬಾದಲ್ಲಿ ಆಫ್ರಿಕಾದ ಕಡೆಯಿಂದ ತಡೆಯಿಲ್ಲದೆ ಬಂದ ಅಲೆ ಬಂಡೆಗಳ ಮೇಲೆ ಅಪ್ಪಳಿಸುತ್ತದೆ. ಅಲ್ಲಿನ ಸೂಪ್ ಬೌಲ್ ಅನ್ನುವ ಜಾಗಕ್ಕೆ ಪ್ರಪಂಚದ ದೊಡ್ಡ ದೊಡ್ಡ ಸರ್ಫರ್‌ಗಳು ಬರುತ್ತಾರೆ. ಫೋಟೋದಲ್ಲಿ ಬಾತ್‌ಶೀಬಾ ತುಂಬಾ ಚಂದ. ಆ ಚಂದ ನೋಡಿ ಅಲ್ಲೇ ಮನೆ ಹಿಡಿದರೆ ಈಜು ಬಾರದವರು ದಿನವೂ ದಡದಲ್ಲೇ ಕೂರಬೇಕಾಗುತ್ತದೆ. ನೀರಿನ ಸೆಳೆತ ಅಷ್ಟು ಜೋರು. ಒಂದು ಮಧ್ಯಾಹ್ನ ಹೋಗಿ ನೋಡಿಕೊಂಡು ಬನ್ನಿ, ಸಾಕು.

ನಮ್ಮಲ್ಲಿ ಎಷ್ಟು ಜನರಿಗೆ ಈಜು ಬರುತ್ತದೆ ಹೇಳಿ? ಹಾಸನ, ತುಮಕೂರು, ದಾವಣಗೆರೆ ಕಡೆ ಬೆಳೆದವರಿಗೆ ಕಡಲು ಅಂದರೆ ಶಾಲೆಯ ಪ್ರವಾಸದಲ್ಲಿ ಕಂಡ ಮಲ್ಪೆ, ಮುರ್ಡೇಶ್ವರ. ಕೆರೆ, ಬಾವಿಯಲ್ಲಿ ಈಜು ಕಲಿತ ಗಂಡಸರು ಒಂದಷ್ಟು ಜನ ಇದ್ದಾರೆ. ನಮ್ಮ ಅಮ್ಮಂದಿರಿಗೆ ಆ ಅವಕಾಶವೇ ಸಿಗಲಿಲ್ಲ. ಅವರು ಸೀರೆ ಎತ್ತಿ ಹಿಡಿದು ಮೊಣಕಾಲ ತನಕ ನಿಂತು, ಮೊಮ್ಮಕ್ಕಳ ಚಪ್ಪಲಿ ಕಾಯುತ್ತಾ ಇರುತ್ತಾರೆ. ಪ್ರವಾಸದ ಉದ್ದಕ್ಕೂ ಅವರಿಗೆ ಅದೇ ಕೆಲಸ. ನನಗೆ ಇದು ಸರಿ ಕಾಣುವುದಿಲ್ಲ.

ಅದಕ್ಕೇ ನಾವು ದಕ್ಷಿಣ ತೀರದ ವರ್ದಿಂಗ್ ಹತ್ತಿರ ಮನೆ ಹಿಡಿದೆವು. ಅಲ್ಲಿ ದಡದಿಂದ ಸ್ವಲ್ಪ ದೂರದಲ್ಲಿ ಹವಳದ ದಿಬ್ಬ ಇದೆ. ಒಳಗಿನ ನೀರು ಆಳ ಕಡಿಮೆ, ತಿಳಿಯಾಗಿರುತ್ತದೆ. ಬೆಳಿಗ್ಗೆ ಬೇಗ ಹೋದರೆ ಊರಿನ ಹಿರಿಯರು ಕುತ್ತಿಗೆ ತನಕ ನೀರಿನಲ್ಲಿ ನಿಂತು ಹರಟೆ ಹೊಡೆಯುತ್ತಿರುತ್ತಾರೆ. ಕೆಲಸಕ್ಕೆ ಹೋಗುವ ಮೊದಲು, ಚರ್ಚ್‌ಗೆ ಹೋಗುವ ಮೊದಲು ಕಡಲಲ್ಲಿ ಮೀಯುವುದು ಅಲ್ಲಿಯವರ ಹಳೇ ಅಭ್ಯಾಸ. ನಮ್ಮ ಜೊತೆ ಬಂದಿದ್ದ ಗೆಳತಿಯ ಅತ್ತೆ ಚನ್ನರಾಯಪಟ್ಟಣದ ಕಡೆಯವರು. ನೀರಿನ ಅಂಚಿನಲ್ಲಿ ನಿಂತುಬಿಟ್ಟರು.

"ಅಲೆ ಎಳ್ಕೊಂಡು ಹೋದ್ರೆ ಏನೇ ಮಾಡ್ತೀಯಾ?"

"ಇಲ್ಲಿ ಅಲೆ ಎಲ್ಲಿದೆ ಅತ್ತೆ? ನೋಡಿ, ಆ ಅಜ್ಜಿ ನಿಮಗಿಂತ ದೊಡ್ಡವರು."

ಆ ಅಜ್ಜಿ ದೂರದಿಂದಲೇ "ಗುಡ್ ಮಾರ್ನಿಂಗ್" ಅಂದು ಕೈ ಬೀಸಿ ಕರೆದರು. ಇವರು ಸೊಸೆಯ ಕೈ ಹಿಡಿದು ಸೊಂಟದ ತನಕ ಇಳಿದರು. ಆಮೇಲೆ ಮಧ್ಯಾಹ್ನದ ತನಕ ಮೇಲೆ ಬರಲು ಒಪ್ಪಲಿಲ್ಲ. ಐಷಾರಾಮಿ ರೆಸಾರ್ಟಿನ ಈಜುಕೊಳದ ಪಕ್ಕ ಇದು ಸಿಗುತ್ತಿರಲಿಲ್ಲ ಅಂತ ನಾನು ಖಂಡಿತ ಹೇಳಬಲ್ಲೆ.

ಅಲ್ಲಿಂದ ಹತ್ತಿರದಲ್ಲೇ ರಾಕ್ಲಿ ಬೀಚಿನಿಂದ ಹೇಸ್ಟಿಂಗ್ಸ್ ಕಡೆಗೆ ಸಮುದ್ರದ ಅಂಚಿನಲ್ಲೇ ಮಟ್ಟಸವಾದ ಕಾಲುದಾರಿ ಇದೆ. ಮಂಡಿ ನೋವಿನವರು ಸಂಜೆ ಆರಾಮಾಗಿ ನಡೆಯಬಹುದು, ನಡುನಡುವೆ ಕೂರಲು ಬೆಂಚ್ ಇವೆ. ಆಮೆ ನೋಡಬೇಕು ಅನ್ನುವ ಮಕ್ಕಳಿಗೆ ರಾಜಧಾನಿ ಬ್ರಿಜ್‌ಟೌನ್ ಪಕ್ಕದ ಕಾರ್ಲೈಲ್ ಬೇ ಒಳ್ಳೆಯದು. ಮರದ ವಿಷಯದಲ್ಲಿ ಮಾತ್ರ ಹುಷಾರು. ಮ್ಯಾಂಚಿನೀಲ್ ಅಂತ ಒಂದು ಮರ ದಡದಲ್ಲೇ ಬೆಳೆಯುತ್ತದೆ. ಸಣ್ಣ ಹಸಿರು ಸೇಬಿನಂಥ ಕಾಯಿ, ಭಾರೀ ವಿಷ. ಮಳೆ ಬಂದಾಗ ಅದರ ಕೆಳಗೆ ನಿಂತರೂ ಎಲೆಯಿಂದ ಸೋರಿದ ಹನಿ ಬಿದ್ದು ಮೈ ಮೇಲೆ ಬೊಬ್ಬೆ ಏಳುತ್ತದೆ. ಎಷ್ಟೋ ಕಡೆ ಕಾಂಡಕ್ಕೆ ಕೆಂಪು ಪಟ್ಟಿ ಬಳಿದಿರುತ್ತಾರೆ, ಎಲ್ಲ ಮರಕ್ಕೂ ಇರುವುದಿಲ್ಲ. ಮಕ್ಕಳಿಗೆ ಮೊದಲ ದಿನವೇ ಹೇಳಿಬಿಡಿ. ಹಾಗೇ ಸೇನೆಯ ಬಟ್ಟೆಯಂಥ ಹಸಿರು ಮಚ್ಚೆಯ ಚಡ್ಡಿ, ಟೋಪಿ ಸೂಟ್‌ಕೇಸಿಗೆ ಹಾಕಬೇಡಿ. ಅಲ್ಲಿ ಅದನ್ನು ಸಾಮಾನ್ಯ ಜನ ಹಾಕುವುದು ಕಾನೂನಿಗೆ ವಿರುದ್ಧ, ಮಕ್ಕಳಿಗೂ ಕೂಡ.

ಊಟದ ವಿಷಯಕ್ಕೆ ಬಂದರೆ, ಊಟ, ಕುಡಿತ ಎಲ್ಲವೂ ಒಂದೇ ಬೆಲೆಯಲ್ಲಿ ಸೇರಿದ ರೆಸಾರ್ಟ್ ನಮ್ಮಂಥ ಗುಂಪಿಗೆ ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ಕುಡಿಯದವರು ಕುಡಿಯುವವರ ಲೆಕ್ಕಕ್ಕೆ ದುಡ್ಡು ಕೊಡಬೇಕು. ಸಸ್ಯಾಹಾರಿ ಅಜ್ಜಿ ಮೂರು ಹೊತ್ತು ಬ್ರೆಡ್ಡು, ಹಣ್ಣು ತಿನ್ನಬೇಕು, ಆದರೂ ಪೂರ್ತಿ ಬೆಲೆ. ಅಡುಗೆಮನೆ ಇರುವ ದೊಡ್ಡ ಮನೆ ಹಿಡಿದರೆ ಬೆಳಗಿನ ತಿಂಡಿ, ಒಂದು ಹೊತ್ತಿನ ಅನ್ನ ಸಾರು ಮನೆಯಲ್ಲೇ ಆಗುತ್ತದೆ. ನಲ್ಲಿ ನೀರು ಸುಣ್ಣಕಲ್ಲಿನಲ್ಲಿ ಸೋಸಿ ಬಂದ ನೀರು, ಧೈರ್ಯವಾಗಿ ಕುಡಿಯಬಹುದು. ಆದರೆ ಸೂಪರ್ ಮಾರ್ಕೆಟ್ ದುಬಾರಿ, ಯಾಕೆಂದರೆ ತಿನ್ನುವ ಸಾಮಾನು ಬಹುಪಾಲು ಹೊರಗಿಂದಲೇ ಬರಬೇಕು. ಹಾಗಾಗಿ ಶನಿವಾರ ಬೆಳಿಗ್ಗೆ ಬ್ರಿಜ್‌ಟೌನಿನ ಚೀಪ್‌ಸೈಡ್ ಮಾರ್ಕೆಟ್‌ಗೆ ಹೋಗಿ, ಅಲ್ಲೇ ಬೆಳೆದದ್ದನ್ನು ಕೊಳ್ಳಿ.

ಆ ಮಾರ್ಕೆಟ್ ನೋಡಿ ನನಗೆ ನಿಜವಾಗಿಯೂ ಖುಷಿಯಾಯಿತು. ಬೆಂಡೆಕಾಯಿ, ಕುಂಬಳ, ಗೆಣಸು, ಸೀಮೆಬದನೆ, ಕೆಸುವಿನ ಗೆಡ್ಡೆ. ಹಸಿ ತೊಗರಿಕಾಯಿ! ಕಲಬುರಗಿಯ ಗೆಳೆಯರು ಅದನ್ನು ಬಿಡಿಸುತ್ತಾ ಕೂತರೆ ಏಳಲೇ ಇಲ್ಲ. ಕ್ರಿಸ್‌ಮಸ್‌ಗೆ ಅಲ್ಲಿಯವರು ತೊಗರಿ ಮತ್ತು ಜೋಳದ ಹಿಟ್ಟು ಸೇರಿಸಿ ಜಗ್ ಜಗ್ ಅಂತ ಒಂದು ಅಡುಗೆ ಮಾಡುತ್ತಾರೆ, ಜೊತೆಗೆ ಉಪ್ಪು ಹಾಕಿದ ಮಾಂಸ ಇರುತ್ತದೆ. ಮಂಗಳೂರು ಕಡೆಯವರಿಗೆ ಜೀಗುಜ್ಜೆ, ಅಂದರೆ ದೀವಿ ಹಲಸು (ಬ್ರೆಡ್‌ಫ್ರೂಟ್). ಅಲ್ಲಿ ಅದನ್ನು ಬೆಂಕಿಯಲ್ಲಿ ಇಡಿಯಾಗಿ ಸುಡುತ್ತಾರೆ. ನಾವು ತೆಳ್ಳಗೆ ಹೆಚ್ಚಿ ಖಾರ ಹಾಕಿ ಹುರಿದೆವು.

ಜೀಗುಜ್ಜೆ ಆ ದ್ವೀಪಗಳಿಗೆ ಬಂದ ಕಥೆ ಮಕ್ಕಳಿಗೆ ಹೇಳಲೇಬೇಕು. ಕಬ್ಬಿನ ತೋಟಗಳಲ್ಲಿ ದುಡಿಯುತ್ತಿದ್ದ ಗುಲಾಮರ ಹೊಟ್ಟೆಗೆ ಅಗ್ಗದ ಆಹಾರ ಬೇಕು ಅಂತ ಬ್ರಿಟಿಷರು ಪೆಸಿಫಿಕ್ ಸಾಗರದ ತಹೀಟಿಯಿಂದ ಇದರ ಸಸಿಗಳನ್ನು ಹಡಗಿನಲ್ಲಿ ತರಿಸಿದರು. ಕ್ಯಾಪ್ಟನ್ ವಿಲಿಯಂ ಬ್ಲೈ 1793ರಲ್ಲಿ ಸೇಂಟ್ ವಿನ್ಸೆಂಟ್ ಮತ್ತು ಜಮೈಕಾಗೆ ತಂದು ಇಳಿಸಿದ. ಬಾರ್ಬಡೋಸ್‌ನಲ್ಲಿ ಇಂಗ್ಲಿಷರು ನೆಲೆ ಊರಿದ್ದು 1627ರಲ್ಲಿ. ಆಫ್ರಿಕಾದಿಂದ ಹಿಡಿದು ತಂದವರ ದುಡಿಮೆಯಿಂದಲೇ ಅಲ್ಲಿನ ಸಕ್ಕರೆ ಸಂಪತ್ತು ಬೆಳೆಯಿತು. ಅವರಿಗೆ ಪೂರ್ತಿ ಬಿಡುಗಡೆ ಸಿಕ್ಕಿದ್ದು 1838ರಲ್ಲಿ. ನ್ಯೂಟನ್ ಅನ್ನುವ ಹಳೇ ತೋಟದಲ್ಲಿ ಗುಲಾಮರನ್ನು ಹೂಳಿದ ಜಾಗ ಇದೆ. ವಿಮಾನ ನಿಲ್ದಾಣದಿಂದ ದೂರವೇನಲ್ಲ. ಸುಮಾರು 570 ಜನರ ಸಮಾಧಿ ಅಲ್ಲಿದೆ ಅಂತ ಅಂದಾಜು. ಹುಲ್ಲಿನ ಬಯಲು ಬಿಟ್ಟರೆ ನೋಡಲು ಹೆಚ್ಚೇನಿಲ್ಲ. ಆದರೂ ಒಂದು ಗಂಟೆ ಹೋಗಿ. ಆ ನೆಲದಲ್ಲಿ ರಜೆ ಕಳೆಯುವವರು ಅಷ್ಟಾದರೂ ಮಾಡಬೇಕು ಅಂತ ನನಗೆ ಅನಿಸುತ್ತದೆ.

ಶುಕ್ರವಾರ ರಾತ್ರಿ ಆಯಿಸ್ಟಿನ್ಸ್‌ಗೆ ಹೋಗದೆ ಬರಬೇಡಿ. ಮೀನುಗಾರರ ಊರು. ಸಾಲು ಸಾಲು ಅಂಗಡಿಗಳಲ್ಲಿ ಮೀನು ಸುಡುತ್ತಿರುತ್ತಾರೆ, ಜೊತೆಗೆ ಹಾಡು, ಕುಣಿತ. ಮೀನು ತಿನ್ನುವವರಿಗೆ ಹಬ್ಬ. ತಿನ್ನದವರಿಗೆ ಮ್ಯಾಕರೋನಿ ಪೈ, ಹುರಿದ ಬಾಳೆಹಣ್ಣು ಇವೆ. ಅನ್ನ, ಕಾಳು ಸೇರಿಸಿದ್ದು ಕಂಡು ಸಸ್ಯಾಹಾರ ಅಂದುಕೊಳ್ಳಬೇಡಿ. ಎಷ್ಟೋ ಕಡೆ ಉಪ್ಪು ಹಾಕಿದ ಹಂದಿ ಮಾಂಸದ ತುಂಡು ಹಾಕಿ ಬೇಯಿಸುತ್ತಾರೆ, ಕೇಳಿ ತಿನ್ನಿ. ಆಲೂಗಡ್ಡೆ, ಕಡಲೆ ತುಂಬಿದ ರೊಟ್ಟಿ ಊರಲ್ಲಿ ಸುಲಭವಾಗಿ ಸಿಗುತ್ತದೆ. ಏನು ಕೇಳುವ ಮೊದಲೂ ಒಂದು "ಗುಡ್ ಈವ್ನಿಂಗ್" ಹೇಳಿ. ನಮಸ್ಕಾರ ಹೇಳದೆ ನೇರ ರೇಟು ಕೇಳಿದರೆ ಅಲ್ಲಿಯವರಿಗೆ ಬೇಜಾರಾಗುತ್ತದೆ, ನ್ಯಾಯವೇ.

ಯಾವಾಗ ಹೋಗಬೇಕು? ಕ್ರಿಕೆಟ್ ನೋಡುವವರಿಗೆ ಹೇಳುವುದು ಸುಲಭ. 29 ಜೂನ್ 2024ರಂದು ಭಾರತ ಟಿ20 ವಿಶ್ವಕಪ್ ಗೆದ್ದಿದ್ದು ಬ್ರಿಜ್‌ಟೌನಿನ ಕೆನ್ಸಿಂಗ್ಟನ್ ಓವಲ್‌ನಲ್ಲಿ. ನಮ್ಮ ದ್ರಾವಿಡ್ ಕೋಚ್. ಅದೇ ಮೈದಾನದಲ್ಲಿ 1997ರಲ್ಲಿ 120 ರನ್ ಬೆನ್ನು ಹತ್ತಿ 81ಕ್ಕೆ ಆಲೌಟಾದ ತಂಡದಲ್ಲೂ ಅವರಿದ್ದರು. ಗೆದ್ದ ತಂಡ ಮಾತ್ರ ತಕ್ಷಣ ಮನೆಗೆ ಬರಲು ಆಗಲಿಲ್ಲ. ಬೆರಿಲ್ ಚಂಡಮಾರುತ ಬಂತು, ವಿಮಾನ ನಿಲ್ದಾಣ ಮುಚ್ಚಿತು, ಎಲ್ಲರೂ ಹೋಟೆಲಿನಲ್ಲಿ ಸಿಕ್ಕಿಕೊಂಡರು. ವಿಶೇಷ ವಿಮಾನದಲ್ಲಿ ದೆಹಲಿ ತಲುಪಿದ್ದು ಜುಲೈ 4ಕ್ಕೆ. ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30ರ ತನಕ. ಬಾರ್ಬಡೋಸ್ ಉಳಿದ ದ್ವೀಪಗಳಿಗಿಂತ ಪೂರ್ವಕ್ಕೆ ಇರುವುದರಿಂದ ನೇರ ಹೊಡೆತ ಕಡಿಮೆ. ಆದರೂ ಬಿಪಿ, ಸಕ್ಕರೆ ಕಾಯಿಲೆಗೆ ಮಾತ್ರೆ ತಿನ್ನುವ ಹಿರಿಯರನ್ನು ಕರೆದುಕೊಂಡು ಆ ತಿಂಗಳುಗಳಲ್ಲಿ ಹೋಗಬೇಡಿ ಅಂತಲೇ ಹೇಳುತ್ತೇನೆ. ಹೋಗಲೇಬೇಕಾದರೆ ಒಂದು ವಾರದ ಮಾತ್ರೆ ಜಾಸ್ತಿ ಇಟ್ಟುಕೊಳ್ಳಿ, ಪ್ರವಾಸದ ವಿಮೆ ಮಾಡಿಸಿ. ಡಿಸೆಂಬರ್‌ನಿಂದ ಏಪ್ರಿಲ್ ಮಧ್ಯದ ತನಕ ಹವೆ ಚೆನ್ನ, ಬೆಲೆ ಜೋರು. ಏಪ್ರಿಲ್ ಕೊನೆ, ಮೇ ತಿಂಗಳಲ್ಲಿ ಬೆಲೆ ಇಳಿಯುತ್ತದೆ. ಆಗ ಸರ್ಗಾಸಮ್ ಅನ್ನುವ ಕಂದು ಪಾಚಿ ಪೂರ್ವ, ದಕ್ಷಿಣ ತೀರಕ್ಕೆ ಬಂದು ಬೀಳುವುದುಂಟು, ಕೊಳೆತರೆ ಕೆಟ್ಟ ವಾಸನೆ. ಆ ಕಾಲಕ್ಕೆ ಹೋಗುವುದಾದರೆ ಪಶ್ಚಿಮ ತೀರ ನೋಡಿ.

ದುಡ್ಡಿನ ಮಾತು ಎಲ್ಲರಿಗೂ ಮುಜುಗರ. ಅದಕ್ಕೇ ಅದನ್ನು ಗುಂಪಿನಲ್ಲಿ ಕೇಳಬಾರದು. ಎಲ್ಲರೂ ನಂಬುವ ಒಬ್ಬರು ಪ್ರತಿ ಮನೆಯವರಿಗೂ ಬೇರೆಯಾಗಿ ಫೋನ್ ಮಾಡಿ, "ವಿಮಾನ ಬಿಟ್ಟು ಎಷ್ಟರ ತನಕ ಆಗುತ್ತೆ?" ಅಂತ ಕೇಳಲಿ. ಬಂದ ಉತ್ತರಗಳಲ್ಲಿ ಅತಿ ಕಡಿಮೆ ಯಾವುದೋ ಅದೇ ಇಡೀ ಗುಂಪಿನ ಲೆಕ್ಕ. ಯಾರು ಹೇಳಿದ್ದು ಅಂತ ಬೇರೆಯವರಿಗೆ ಗೊತ್ತಾಗಬೇಕಿಲ್ಲ. ದೋಣಿ ವಿಹಾರ, ಸ್ಕೂಬಾ ಬೇಕು ಅನ್ನುವವರು ಅದನ್ನು ತಮ್ಮ ಖರ್ಚಿನಲ್ಲಿ ಮಾಡಿಕೊಳ್ಳಲಿ. ಬಾರ್ಬಡೋಸ್‌ನಲ್ಲಿ ಇದು ಸಾಧ್ಯ. ಬೀಚುಗಳೆಲ್ಲ ಸಾರ್ವಜನಿಕ, ಎಷ್ಟೇ ದೊಡ್ಡ ಹೋಟೆಲಿನ ಮುಂದಿನ ಮರಳಲ್ಲೂ ನೀವು ಕೂರಬಹುದು. ಎರಡು ಬಾರ್ಬಡೋಸ್ ಡಾಲರಿಗೆ ಒಂದು ಅಮೆರಿಕನ್ ಡಾಲರ್, 1975ರಿಂದ ಅದೇ ದರ. ಬಸ್ಸಿನಲ್ಲಿ ಎಲ್ಲಿಗೇ ಹೋದರೂ ಅವರ ಮೂರೂವರೆ ಡಾಲರ್. ಜೋರಾಗಿ ಹಾಡು ಹಾಕಿಕೊಂಡು ಓಡುವ ಬಿಳಿ ವ್ಯಾನ್‌ಗಳಲ್ಲಿ ಮಕ್ಕಳಿಗೆ ಬಹಳ ಮಜಾ. ಹಿರಿಯರಿಗೆ ದೊಡ್ಡ ನೀಲಿ ಬಸ್ಸೇ ವಾಸಿ.

ಮನೆ ಬುಕ್ ಮಾಡುವಾಗ ಕೆಳಗಿನ ಮಹಡಿಯಲ್ಲೇ ಒಂದು ಮಲಗುವ ಕೋಣೆ, ಬಾತ್‌ರೂಂ ಇದೆಯಾ ಅಂತ ಮಾಲೀಕರಿಗೆ ಬರೆದು ಕೇಳಿ. ಗೇಟಿನಿಂದ ಬಾಗಿಲ ತನಕ ಎಷ್ಟು ಮೆಟ್ಟಿಲು, ಬೀಚಿಗೆ ಇಳಿಯುವ ಕಡೆ ಕೈಹಿಡಿ ಇದೆಯಾ ಅಂತಲೂ ಕೇಳಿ. ಫೋಟೋಗಳಲ್ಲಿ ಇವು ಯಾವುದೂ ಕಾಣುವುದಿಲ್ಲ. ಬರೆದು ಕೊಟ್ಟ ಉತ್ತರ ಕೈಗೆ ಬಂದ ಮೇಲೆ ಮುಂಗಡ ಕಳಿಸಿ.