ಮಹಡಿ ಎಣಿಸುವುದು ಸಾಕು, ಬೇಸ್‌ಮೆಂಟ್ ಕೇಳಿ

ಬಸವನಗುಡಿಯಲ್ಲೋ ಮಲ್ಲೇಶ್ವರದಲ್ಲೋ ಹಳೇ ಮನೆ ಕೆಡವಿ ಅಪಾರ್ಟ್‌ಮೆಂಟ್ ಬರುತ್ತದೆ ಅಂದರೆ ಬೀದಿ ಎರಡು ಪಾಲಾಗುತ್ತದೆ. ಒಂದು ಕಡೆ "ಪರಂಪರೆ ಹೋಯ್ತು". ಇನ್ನೊಂದು ಕಡೆ "ಆರು ಜನ ಪಾಲುದಾರರು, ಮಾಡು ಸೋರ್ತಿದೆ, ರಿಪೇರಿ ನೀವು ಮಾಡಿಸ್ತೀರಾ?". ಎರಡನೆಯ ಪ್ರಶ್ನೆ ನ್ಯಾಯವಾದದ್ದೇ. ಆದರೆ ಜಗಳವೆಲ್ಲ ಎಷ್ಟು ಮಹಡಿ ಅನ್ನುವುದರ ಮೇಲೆಯೇ ನಡೆಯುತ್ತದೆ. ಪಕ್ಕದಲ್ಲಿ ಉಳಿದಿರುವ ಹಳೇ ಮನೆಯನ್ನು ಬೀಳಿಸುವುದು ಎತ್ತರವಲ್ಲ, ಬೇಸ್‌ಮೆಂಟಿನ ಗುಂಡಿ.

1898ರ ಪ್ಲೇಗಿನ ನಂತರ ತುಂಬಿಕೊಂಡ ಬಡಾವಣೆಗಳಿವು. ಆ ಕಾಲದ ಮನೆಗಳಿಗೆ ಕಾಲಂ ಇಲ್ಲ, ಪಾಯದ ಮೇಲೆ ಗೋಡೆಗಳನ್ನು ಬಿಗಿದು ಹಿಡಿಯುವ ಕಾಂಕ್ರೀಟ್ ತೊಲೆ, ಅಂದರೆ ಪ್ಲಿಂತ್ ಬೀಮ್, ಇಲ್ಲ. ಮೂರ್ನಾಲ್ಕು ಅಡಿ ಆಳದ ಕಲ್ಲಿನ ಪಾಯ, ಅದರ ಮೇಲೆ ಗಾರೆಯಲ್ಲೋ ಮಣ್ಣಿನಲ್ಲೋ ಕಟ್ಟಿದ ದಪ್ಪ ಗೋಡೆ. ಪಕ್ಕದಲ್ಲಿ ಎರಡು ಬೇಸ್‌ಮೆಂಟ್ ಅಂದರೆ 20 ಅಡಿಗೂ ಮೀರಿ ಅಗೆತ. ಆಸರೆ ಕೊಡದೆ ಜೆಸಿಬಿ ಇಳಿಸಿದರೆ ಮಣ್ಣು ಗುಂಡಿಯ ಕಡೆಗೆ ಸರಿಯುತ್ತದೆ. ನೀರು ಬಂತೆಂದು ಹಗಲೂ ರಾತ್ರಿ ಪಂಪ್ ಓಡಿಸಿದರೆ ನೀರಿನ ಜೊತೆ ಪಾಯದಡಿಯ ನುಣ್ಣನೆ ಮಣ್ಣೂ ಹೋಗುತ್ತದೆ. ಮೊದಲು ಬಾಗಿಲು ಹಿಡಿದುಕೊಳ್ಳುತ್ತದೆ, ಆಮೇಲೆ ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಏಳುತ್ತದೆ.

ಇನ್ನೊಂದು ಕಿತಾಪತಿ ಸಾಯಿಲ್ ನೇಲಿಂಗ್. ಗುಂಡಿಯ ಗೋಡೆ ನಿಲ್ಲಲಿ ಎಂದು ಕಬ್ಬಿಣದ ಸರಳುಗಳನ್ನು ಓರೆಯಾಗಿ ಕೊರೆದು ಸಿಮೆಂಟ್ ಗ್ರೌಟ್ ತುಂಬುತ್ತಾರೆ. ಸರಳಿನ ಉದ್ದ ಹೆಚ್ಚುಕಡಿಮೆ ಗುಂಡಿಯ ಆಳದಷ್ಟೇ. ಪಕ್ಕದ ಮನೆ ನಿಮ್ಮದಾಗಿ, ಗುಂಡಿ ಗಡಿಗೆ ಅಂಟಿಕೊಂಡಿದ್ದರೆ ಆ ಸರಳು ಹೋಗುವುದು ನಿಮ್ಮ ಮನೆಯ ಅಡಿಗೇ! ನಿಮ್ಮ ಲಿಖಿತ ಒಪ್ಪಿಗೆ ಬೇಕೇ ಬೇಕು. ಬಾವಿ, ಸಂಪು ಎಲ್ಲಿದೆ ಎಂದು ಮೊದಲೇ ಗುರುತು ಹಾಕಿ ಕೊಡಿ.

ಬಿಲ್ಡರನ್ನು ಕೇಳಬೇಕಾದದ್ದು ಇಷ್ಟು: ಮಣ್ಣು ಪರೀಕ್ಷೆಯ ವರದಿ, ಸ್ಟ್ರಕ್ಚರಲ್ ಎಂಜಿನಿಯರ್ ಸಹಿ ಇರುವ ಶೋರಿಂಗ್ (ಗುಂಡಿಯ ಗೋಡೆಗೆ ಕೊಡುವ ಆಸರೆ) ನಕ್ಷೆ, ಗಡಿಯಿಂದ ಗುಂಡಿಗೆ ಎಷ್ಟು ಅಂತರ, ಬಂಡೆ ಸಿಕ್ಕರೆ ಹೇಗೆ ಒಡೆಯುತ್ತಾರೆ. ಬಂಡೆ ಕುಟ್ಟಿ ಒಡೆಯುವ ಬ್ರೇಕರ್ ಯಂತ್ರದ ಬದಲು ರಂಧ್ರ ಕೊರೆದು ಉಬ್ಬುವ ಪುಡಿ ತುಂಬಿದರೆ ಕಂಪನ ತೀರಾ ಕಡಿಮೆ. ಅಗೆತಕ್ಕೆ ಮುಂಚೆ ಎರಡೂ ಕಡೆಯವರು ನಿಂತು ಪ್ರತಿ ಕೋಣೆಯ ಗೋಡೆಯ ಫೋಟೊ ತೆಗೆದು, ಬಿರುಕಿನ ಪಕ್ಕ ಸ್ಕೇಲ್ ಇಟ್ಟು, ತಾರೀಖು ಹಾಕಿ ಸಹಿ ಮಾಡಿಸಿ. ಹಳೇ ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿಯನ್ನು ಎರಡೂ ತುದಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್‌ನಿಂದ ಕೂರಿಸಿ. ಗಾಜು ಸೀಳಿದರೆ ಗೋಡೆ ಅಲ್ಲಾಡಿದೆ ಎಂದೇ ಅರ್ಥ, ಕೆಲಸ ನಿಲ್ಲಿಸಿ ಎಂಜಿನಿಯರ್ ಬರಬೇಕು. ಈ ದಾಖಲೆ ಇಲ್ಲದಿದ್ದರೆ "ಬಿರುಕು ಮೊದಲೇ ಇತ್ತು" ಎಂದು ಕೈತೊಳೆದುಕೊಳ್ಳುತ್ತಾರೆ. 1882ರ ಈಸ್‌ಮೆಂಟ್ಸ್ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ, 20 ವರ್ಷ ಅಡೆತಡೆಯಿಲ್ಲದೆ ಪಕ್ಕದ ನೆಲದ ಆಸರೆ ಪಡೆದ ಕಟ್ಟಡಕ್ಕೆ ಆ ಆಸರೆ ಹಕ್ಕಾಗುತ್ತದೆ. ನೋಟಿಸಿನಲ್ಲಿ ಇದನ್ನು ವಕೀಲರ ಕೈಲಿ ಬರೆಸಿ.

ಬಿರುಕಿಗೆ ಬಿಲ್ಡರ್ ಪುಕ್ಕಟೆಯಾಗಿ ಸಿಮೆಂಟ್ ಮೆತ್ತಿಸಿಕೊಡುತ್ತೇನೆ ಅಂದರೆ ಬೇಡ ಅನ್ನಿ. ಗಾರೆ ಗೋಡೆ ಉಸಿರಾಡಬೇಕು. ಸಿಮೆಂಟ್ ತೇವವನ್ನು ಒಳಗೇ ಕಟ್ಟಿಹಾಕಿ, ಕೆಲವೇ ಮಳೆಗಾಲಗಳಲ್ಲಿ ಇಟ್ಟಿಗೆಯ ಮೇಲ್ಪದರವನ್ನೂ ಕಿತ್ತುಕೊಂಡು ಬೀಳುತ್ತದೆ. ಸುಣ್ಣದ ಗಾರೆಯೇ ಆಗಬೇಕು, ಅದೂ ಮನೆ ಕುಸಿಯುವುದು ನಿಂತಿದೆ ಎಂದು ಖಾತ್ರಿಯಾದ ಮೇಲೆ.

ಇನ್ನು ಪಾಲುದಾರರ ಪ್ರಶ್ನೆ. ಮುಂಬೈ 1995ರಲ್ಲೇ ಪಾರಂಪರಿಕ ಕಟ್ಟಡಗಳಿಗೆ ನಿಯಮ ತಂದಾಗ, ಮಾಲೀಕರು ಬಳಸಲಾಗದ ಕಟ್ಟುವ ಹಕ್ಕನ್ನು ಬೇರೆಡೆ ಮಾರಲು ದಾರಿ ಇಟ್ಟಿತು. ಮನೆ ಉಳಿಸಿ ಎಂದು ಸಹಿ ಸಂಗ್ರಹಿಸುವವರು ಆ ಅರ್ಜಿಯಲ್ಲೇ ಇದನ್ನೂ ಕೇಳಲಿ. ದುಡ್ಡಿನ ಮಾತಿಲ್ಲದ ಅರ್ಜಿಗೆ ಆ ಆರು ಜನರಲ್ಲಿ ಒಬ್ಬರೂ ಸಹಿ ಹಾಕುವುದಿಲ್ಲ.