ಆಫರ್ ಇದೆ, ನಿಮಗಲ್ಲ

ಎಲೆಕ್ಟ್ರಾನಿಕ್ಸ್ ಅಂಗಡಿಯ ಆಫರ್ ಊರಿಗೆಲ್ಲ ಗೊತ್ತಿರುತ್ತದೆ. ಪೇಪರಿನ ಮುಖಪುಟದಲ್ಲಿ ಅದೇ, ಹೋರ್ಡಿಂಗಿನಲ್ಲಿ ಅದೇ, ಮೊಬೈಲಿಗೆ ಬರುವ ಮೆಸೇಜಿನಲ್ಲೂ ಅದೇ. ಗೊತ್ತಿಲ್ಲದಿರುವುದು ಒಂದೇ ಜಾಗದಲ್ಲಿ. ಆ ಅಂಗಡಿಯ ಬಿಲ್ಲಿಂಗ್ ಕೌಂಟರಿನಲ್ಲಿ.

ಟಿವಿ ಕೊಂಡರೆ ಸೌಂಡ್‌ಬಾರ್ ಉಚಿತ ಎಂದು ಬಾಗಿಲ ಮೇಲೆ ಆಳೆತ್ತರದ ಅಕ್ಷರದಲ್ಲಿ ಬರೆದಿರುತ್ತಾರೆ. ಅದರ ಕೆಳಗೇ ಹಾದು ಒಳಗೆ ಹೋಗಿ ಕೇಳಿ ನೋಡಿ. 'ಯಾವ ಆಫರ್ ಸಾರ್?' ಎನ್ನುತ್ತಾನೆ ಸೇಲ್ಸ್ ಹುಡುಗ. ಅವನ ಟೀ ಶರ್ಟಿನ ಬೆನ್ನ ಮೇಲೂ ಅದೇ ಆಫರ್ ಅಚ್ಚಾಗಿರುತ್ತದೆ. ಪಾಪ, ಅವನ ಬೆನ್ನು ಅವನಿಗೆ ಕಾಣಬೇಕಲ್ಲ.

ತೋರಿಸಿದರೆ, ಅದು ಬೇರೆ ಮಾಡೆಲ್‌ಗೆ. ಮಾಡೆಲ್ ಅದೇ ಅಲ್ವಾ? ಹಾಗಾದರೆ ಸ್ಟಾಕ್ ಇಲ್ಲ. ಅಲ್ಲೇ ಗೋಡೆ ಮೇಲೆ ಓಡುತ್ತಿದೆಯಲ್ಲ? ಅದು ಡಿಸ್‌ಪ್ಲೇ ಪೀಸ್, ಕೊಡೋಕೆ ಬರಲ್ಲ. ಹೇಗೋ ಇದನ್ನೆಲ್ಲ ದಾಟಿದಿರಿ ಅನ್ನಿ, ಕೊನೆಯ ಬಾಣ ಉಳಿದಿರುತ್ತದೆ: 'ಸಿಸ್ಟಮ್ ತಗೋತಾ ಇಲ್ಲ ಸಾರ್.' ಈ ಸಿಸ್ಟಮ್ ಬಗ್ಗೆ ನನಗೆ ವಿಶೇಷ ಗೌರವ. ಪೂರ್ತಿ ಬೆಲೆ ಕೊಟ್ಟರೆ ಗಕ್ಕನೆ ತಗೊಳ್ಳುತ್ತದೆ. ನೀವು ಕೇಳದ ಎಕ್ಸ್‌ಟೆಂಡೆಡ್ ವಾರಂಟಿಯನ್ನು ತಾನಾಗಿಯೇ ತಗೊಳ್ಳುತ್ತದೆ. ಡಿಸ್ಕೌಂಟ್ ಮಾತ್ರ ಅದರ ಗಂಟಲಲ್ಲಿ ಇಳಿಯುವುದಿಲ್ಲ.

ಮ್ಯಾನೇಜರನ್ನು ಕೇಳಿದರೆ ಆಫರ್ ಕಂಪನಿಯದ್ದು, ನಮ್ಮದಲ್ಲ. ಕಂಪನಿಗೆ ಫೋನ್ ಮಾಡಿದರೆ ಅದು ಅಂಗಡಿಯವರದ್ದು. ಹಾಗಾದರೆ ಮುಖಪುಟದ ಜಾಹೀರಾತಿಗೆ ದುಡ್ಡು ಕಟ್ಟಿದವರು ಯಾರು? ಹೆಸರು ಹೇಳಲಿಚ್ಛಿಸದ ದಾನಿಗಳಿರಬೇಕು.

ಅಷ್ಟರಲ್ಲಿ ಹುಡುಗ ನಿಮ್ಮ ಕಿವಿಯ ಹತ್ತಿರ ಬಂದು, 'ನಿಜ ಹೇಳ್ಬೇಕಂದ್ರೆ ಆ ಆಫರ್ ಟಿವಿ ಅಷ್ಟು ಚೆನ್ನಾಗಿಲ್ಲ ಸಾರ್, ಸ್ವಲ್ಪ ಜಾಸ್ತಿ ಆದ್ರೂ ಇದನ್ನ ನೋಡಿ' ಎನ್ನುತ್ತಾನೆ. ಬೆಳಿಗ್ಗೆ ತಾವೇ ಹೊಗಳಿದ ಮಾಲನ್ನು ಮಧ್ಯಾಹ್ನ ತಾವೇ ಹಳಿಯುವ ಪ್ರಾಮಾಣಿಕತೆ ಬೇರೆ ಯಾವ ವ್ಯಾಪಾರದಲ್ಲಿದೆ? ವ್ಯಾಪಾರದ ಮೋಸಗಳ ಮೇಲೆ ಕಣ್ಣಿಡುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಇದಕ್ಕೆ ಬೇಟ್ ಜಾಹೀರಾತು, ಅಂದರೆ ಗಾಳದ ಜಾಹೀರಾತು ಎನ್ನುತ್ತದೆ. ಜಾಹೀರಾತಿನ ಮಾಲನ್ನು ತೋರಿಸದಿರುವುದು, ಅದನ್ನೇ ಹಳಿಯುವುದು, ಸಾಕಷ್ಟು ಸ್ಟಾಕ್ ಇಡದಿರುವುದು, ಎಲ್ಲವನ್ನೂ ತನ್ನ ಮಾರ್ಗಸೂಚಿಯಲ್ಲಿ ಬರೆದಿಟ್ಟಿದೆ. ಮಾಡಬಾರದು ಅಂತ ಬರೆದದ್ದು. ಯಾರೋ ಅದನ್ನು ಸೇಲ್ಸ್ ಟ್ರೈನಿಂಗ್ ಪುಸ್ತಕ ಅಂದುಕೊಂಡಂತಿದೆ.

ಕ್ಯಾಶ್‌ಬ್ಯಾಕಿನದು ಇನ್ನೂ ನಾಜೂಕು. ಬಾಕ್ಸಿನಿಂದ ಬಾರ್‌ಕೋಡ್ ಕತ್ತರಿಸಿ, ಒರಿಜಿನಲ್ ಬಿಲ್ ಜೊತೆ ಪೋಸ್ಟ್ ಮಾಡಿದರೆ ಹಣ ವಾಪಸ್. ಮಾಲು ಸರಿಯಿಲ್ಲ ಅಂತ ಹಿಂದಿರುಗಿಸಲು ಹೋದರೆ? 'ಬಾಕ್ಸ್ ಕಟ್ ಆಗಿದೆ, ಬಿಲ್ ಇಲ್ಲ, ತಗೊಳ್ಳೋಕೆ ಆಗಲ್ಲ.' ಈ ತಲೆನೋವು ಯಾರಿಗೆ ಬೇಕು ಅಂತ ಎಷ್ಟೋ ಜನ ಸುಮ್ನೆ ಬಿಟ್ಟುಬಿಡುತ್ತಾರೆ. ವ್ಯಾಪಾರದವರು ಅದಕ್ಕೆ ಬ್ರೇಕೇಜ್ ಎಂದು ಹೆಸರಿಟ್ಟು, ನಮ್ಮ ಸೋಮಾರಿತನವನ್ನು ಮೊದಲೇ ಲಾಭದ ಲೆಕ್ಕಕ್ಕೆ ಸೇರಿಸಿಕೊಂಡಿರುತ್ತಾರೆ.

ಒಮ್ಮೆ ಮಾತ್ರ ಈ ಲೆಕ್ಕ ಜೋರಾಗಿಯೇ ತಪ್ಪಿತು. 1992ರಲ್ಲಿ ವ್ಯಾಕ್ಯೂಮ್ ಕ್ಲೀನರ್, ವಾಷಿಂಗ್ ಮೆಷಿನ್ ಮಾರುವ ಬ್ರಿಟನ್ನಿನ ಹೂವರ್ ಕಂಪನಿ, 100 ಪೌಂಡಿನ ಮಾಲು ಕೊಂಡರೆ ಇಬ್ಬರಿಗೆ ವಿಮಾನ ಟಿಕೆಟ್ ಉಚಿತ ಎಂದಿತು. ಮೊದಲು ಯುರೋಪಿಗೆ, ಆಮೇಲೆ ಅಮೆರಿಕಕ್ಕೂ. ಫಾರಂ ಮೇಲೆ ಫಾರಂ ತುಂಬಿಸಿದರೆ ಜನ ಸುಸ್ತಾಗುತ್ತಾರೆ ಎಂಬ ನಂಬಿಕೆ. ಜನ ಸುಸ್ತಾಗಲಿಲ್ಲ. ವ್ಯಾಕ್ಯೂಮ್ ಕ್ಲೀನರ್ ಬೇಡದವರೂ ಟಿಕೆಟ್ಟಿಗಾಗಿ ಅದನ್ನು ಕೊಂಡರು. ಟಿಕೆಟ್ ಸಿಗದ ಒಬ್ಬ ಗ್ರಾಹಕ, ವಾಷಿಂಗ್ ಮೆಷಿನ್ ರಿಪೇರಿಗೆ ಬಂದ ಕಂಪನಿಯ ವ್ಯಾನಿಗೆ ತನ್ನ ಲಾರಿ ಅಡ್ಡ ನಿಲ್ಲಿಸಿ, ಅದನ್ನು ಮನೆ ಮುಂದೆಯೇ ಇಟ್ಟುಕೊಂಡ. ಕಂಪನಿಗೆ ಬಿದ್ದ ಹೊರೆ ಸುಮಾರು 5 ಕೋಟಿ ಪೌಂಡ್.

ಲಾರಿ ಇಲ್ಲದವರಿಗೆ ಕೋರ್ಟ್ ಇದೆ. ಅಲ್ಲಿ ಅಂಗಡಿಯವರ ಹಳೇ ವಾದ ಏನೆಂದರೆ, ಜಾಹೀರಾತು ಬರೀ ಬನ್ನಿ ಅನ್ನುವ ಕರೆ, ಕೊಡುತ್ತೇವೆ ಅನ್ನುವ ಮಾತಲ್ಲ. ಸಾಮಾನ್ಯವಾಗಿ ಕಾನೂನೂ ಇದಕ್ಕೆ ತಲೆಯಾಡಿಸುತ್ತದೆ. ಆದರೆ ಅಮೆರಿಕದ ಮಿನಿಯಾಪೊಲಿಸ್‌ನ ಒಂದು ಅಂಗಡಿ, 139.50 ಡಾಲರ್ ಬೆಲೆಯ ತುಪ್ಪಳದ ಶಾಲನ್ನು ಮೊದಲು ಬಂದವರಿಗೆ ಒಂದೇ ಡಾಲರಿಗೆ ಕೊಡುವುದಾಗಿ ಪ್ರಕಟಿಸಿ ಸಿಕ್ಕಿಬಿತ್ತು. ಮೊದಲು ಬಂದವನು ಗಂಡಸು. 'ಇದು ಹೆಂಗಸರಿಗೆ ಮಾತ್ರ, ನಮ್ಮ ಅಂಗಡಿಯ ರೂಲ್ಸು' ಎಂದರು. ಪೇಪರಿನಲ್ಲಿ ಆ ರೂಲ್ಸಿನ ಸುಳಿವೇ ಇರಲಿಲ್ಲ. ಆತ ಬಿಡದೆ ಕೋರ್ಟಿಗೆ ಹೋಗಿ ಗೆದ್ದ. ಅಂಗಡಿಯವರು ಅದನ್ನು ಮಿನೆಸೋಟ ರಾಜ್ಯದ ಸುಪ್ರೀಂ ಕೋರ್ಟ್ ತನಕ ಎಳೆದರು. ಮಾತು ಇಷ್ಟು ಸ್ಪಷ್ಟವಾಗಿದ್ದರೆ ಅದು ಕೊಟ್ಟ ಮಾತೇ, ಗ್ರಾಹಕ ಒಪ್ಪಿದ ಮೇಲೆ ಹೊಸ ಷರತ್ತು ತುರುಕುವಂತಿಲ್ಲ ಎಂದು 1957ರಲ್ಲಿ ಕೋರ್ಟ್ ಹೇಳಿ, ಅವನಿಗೆ 138.50 ಡಾಲರ್ ಕೊಡಿಸಿತು. ಅವನು ಅಂಗಡಿಗೆ ಕೊಡಬೇಕಿದ್ದ ಆ ಒಂದು ಡಾಲರನ್ನು ನ್ಯಾಯವಾಗಿ ಕಳೆದು.